ಒಂದೇ ಕಂಪನಿ, ದೇಶಕ್ಕೊಂದು ಕಾರು: ಏಕೆ ಹೀಗೆ?

2025ರ ಜನವರಿ 30ರಂದು ಸುಜುಕಿ ಕಂಪನಿ ತನ್ನ ತಾಯ್ನಾಡಾದ ಜಪಾನಿನಲ್ಲಿ ‘ಜಿಮ್ನಿ ನೊಮಾಡ್’ ಎಂಬ ಐದು ಬಾಗಿಲಿನ ಪುಟ್ಟ ಜೀಪೊಂದನ್ನು ಪ್ರಕಟಿಸಿತು. ತಿಂಗಳಿಗೆ 1,200 ವಾಹನ ಮಾರುವುದು ಕಂಪನಿಯ ಯೋಜನೆಯಾಗಿತ್ತು. ನಾಲ್ಕೇ ದಿನಗಳಲ್ಲಿ ಸುಮಾರು 50,000 ಬೇಡಿಕೆಗಳು ಬಂದು ಬಿದ್ದವು. ಫೆಬ್ರುವರಿ 3ರಂದು ಕಂಪನಿ ಕೈಮುಗಿದು ಬುಕಿಂಗ್ ನಿಲ್ಲಿಸಬೇಕಾಯಿತು.

ಆ ವಾಹನ ತಯಾರಾಗುವುದು ಜಪಾನಿನಲ್ಲಲ್ಲ, ನಮ್ಮ ಹರಿಯಾಣದ ಗುರುಗ್ರಾಮದಲ್ಲಿ. ಅದೇ ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಿಂದಲೇ ಭಾರತದ ಮಳಿಗೆಗಳಲ್ಲಿ ನಿಂತಿತ್ತು. ನಿಂತಿತ್ತು ಎಂಬ ಮಾತನ್ನು ಬೇಕೆಂದೇ ಬಳಸಲಾಗಿದೆ. ಆರಂಭದ ಉತ್ಸಾಹ ಇಳಿದ ಬಳಿಕ ಕಂಪನಿ ಅದಕ್ಕೆ ಲಕ್ಷಗಳ ಲೆಕ್ಕದಲ್ಲಿ ರಿಯಾಯಿತಿ ಘೋಷಿಸಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದ್ದಿರಬೇಕು.

ಒಂದೇ ಕಾರ್ಖಾನೆಯಿಂದ ಹೊರಬಂದ ಒಂದೇ ವಾಹನ ಒಂದು ದೇಶದಲ್ಲಿ ಕಾಯುವ ಸಾಲು ಸೃಷ್ಟಿಸುತ್ತದೆ, ಇನ್ನೊಂದರಲ್ಲಿ ಧೂಳು ಹಿಡಿಯುತ್ತದೆ, ಮತ್ತೊಂದರಲ್ಲಿ ಕಾಣಸಿಗುವುದೇ ಇಲ್ಲ. ಅಮೆರಿಕದಿಂದಲೋ ಜರ್ಮನಿಯಿಂದಲೋ ಬೆಂಗಳೂರಿಗೆ ಮರಳಿದವರು ಅಲ್ಲಿ ಓಡಿಸುತ್ತಿದ್ದ ಕಾರು ಇಲ್ಲೇಕೆ ಸಿಗದು ಎಂದು ಕೇಳುವುದುಂಟು. ಜನರ ಅಭಿರುಚಿ ದೇಶದಿಂದ ದೇಶಕ್ಕೆ ಬೇರೆ ಎಂಬುದು ಕಂಪನಿಗಳು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಗಿರಾಕಿ ಮಳಿಗೆಯ ಬಾಗಿಲು ತಟ್ಟುವ ಮೊದಲೇ ತೆರಿಗೆ ಇಲಾಖೆಯ ಅಳತೆಪಟ್ಟಿ, ಬಂದರಿನ ಸುಂಕದ ಕಟ್ಟೆ ಮತ್ತು ಸಾರಿಗೆ ಇಲಾಖೆಯ ನಿಯಮಾವಳಿ ಅವನ ಪರವಾಗಿ ಅರ್ಧಕ್ಕಿಂತ ಹೆಚ್ಚು ಆಯ್ಕೆಯನ್ನು ಮಾಡಿ ಮುಗಿಸಿರುತ್ತವೆ.

<b>ಜಿಮ್ನಿಯ ನಾಲ್ಕು ಅವತಾರ</b>

ಜಿಮ್ನಿಯ ಕತೆಯನ್ನೇ ಇನ್ನಷ್ಟು ಬಿಡಿಸಿ ನೋಡಬಹುದು. 1970ರಲ್ಲಿ ಮೊದಲ ಜಿಮ್ನಿ ಬಂದಾಗ ಅದರ ಎಂಜಿನ್ ಕೇವಲ 360 ಸಿಸಿಯದು. ಎಂಜಿನಿಯರುಗಳಿಗೆ ದೊಡ್ಡ ಎಂಜಿನ್ ಮಾಡಲು ಬಾರದೆ ಹಾಗಾದದ್ದಲ್ಲ. ಜಪಾನಿನಲ್ಲಿ ‘ಕೇ’ ಎಂದು ಕರೆಯಲಾಗುವ ಹಗುರ ವಾಹನಗಳ ವರ್ಗಕ್ಕೆ ಆಗ ಇದ್ದ ಮಿತಿಯೇ ಅದು. ಯುದ್ಧಾನಂತರ ಬಡವಾಗಿದ್ದ ದೇಶದಲ್ಲಿ ಸಾಮಾನ್ಯರಿಗೂ ವಾಹನ ಎಟುಕಲೆಂದು 1949ರಲ್ಲಿ ಈ ವರ್ಗವನ್ನು ಸೃಷ್ಟಿಸಲಾಯಿತು. ಮಿತಿ 1976ರಲ್ಲಿ 550 ಸಿಸಿಗೆ, 1990ರಲ್ಲಿ 660 ಸಿಸಿಗೆ ಏರಿತು. ಇಂದಿನ ನಿಯಮದಂತೆ ಕೇ ಕಾರಿನ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್ ಮೀರುವಂತಿಲ್ಲ. ಶಕ್ತಿಯನ್ನು 64 ಅಶ್ವಶಕ್ತಿಗೆ ಮೀರಿಸಬಾರದೆಂದು ತಯಾರಕರೇ ತಮ್ಮೊಳಗೆ ಒಪ್ಪಿಕೊಂಡಿದ್ದಾರೆ.

ಈ ಚೌಕಟ್ಟಿನೊಳಗೆ ಕುಳಿತರೆ ತೆರಿಗೆ ಕಡಿಮೆ, ವಿಮೆ ಅಗ್ಗ. ಜಪಾನಿನ ನಗರಗಳಲ್ಲಿ ಕಾರು ಕೊಳ್ಳುವ ಮೊದಲು ನಿಲ್ಲಿಸಲು ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಕೇ ಕಾರುಗಳಿಗೆ ದೇಶದ ಹಲವು ಭಾಗಗಳಲ್ಲಿ ಆ ತಾಪತ್ರಯವೂ ಇಲ್ಲ. ಫಲವಾಗಿ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಳದಿ ನಂಬರ್ ಫಲಕದ ಈ ಪುಟಾಣಿಗಳೇ. ಜಪಾನಿನ ಗಡಿ ದಾಟಿದೊಡನೆ ಈ ಅನುಕೂಲಗಳೆಲ್ಲ ಕರಗಿಹೋಗುವುದರಿಂದ ಅವು ಹೊರದೇಶಗಳಲ್ಲಿ ಬಹುಮಟ್ಟಿಗೆ ಕಾಣಸಿಗುವುದಿಲ್ಲ.

ಹೀಗಾಗಿ 2018ರಲ್ಲಿ ಹೊಸ ಪೀಳಿಗೆಯ ಜಿಮ್ನಿ ಬಂದಾಗಲೂ ಜಪಾನಿಗೆ ಎರಡು ರೂಪ. ಒಂದು 660 ಸಿಸಿ ಟರ್ಬೊ ಎಂಜಿನ್ನಿನ ಕೇ ಜಿಮ್ನಿ. ಇನ್ನೊಂದು ಅಗಲವಾದ ಮಡ್‌ಗಾರ್ಡ್ ತೊಡಿಸಿದ, 1,500 ಸಿಸಿ ಎಂಜಿನ್ನಿನ ‘ಜಿಮ್ನಿ ಸಿಯೆರಾ’. ಹೊರದೇಶಗಳಿಗೆ ಹೋದದ್ದು ಎರಡನೆಯದು. ಆದರೆ ಯುರೋಪಿನಲ್ಲಿ ಅದಕ್ಕೆ ಬೇರೊಂದು ಗಂಡಾಂತರ ಕಾದಿತ್ತು. ಅಲ್ಲಿ 2020ರಿಂದ ಕಂಪನಿಯೊಂದು ಮಾರುವ ಎಲ್ಲ ಹೊಸ ಕಾರುಗಳ ಇಂಗಾಲದ ಡೈಆಕ್ಸೈಡ್ ಹೊಗೆ ಸರಾಸರಿ ಕಿಲೋಮೀಟರಿಗೆ 95 ಗ್ರಾಂ ಆಸುಪಾಸಿನಲ್ಲಿರಬೇಕೆಂಬ ನಿಯಮ ಬಂತು. ಮೀರಿದ ಪ್ರತಿ ಗ್ರಾಂಗೆ ಪ್ರತಿ ಕಾರಿನ ಮೇಲೆ 95 ಯುರೊ ದಂಡ. ಪೆಟ್ಟಿಗೆಯಂತೆ ಚೌಕಾಕಾರದ, ಗಾಳಿಯನ್ನು ಎದೆಯೊಡ್ಡಿ ತಳ್ಳುವ ಜಿಮ್ನಿ ಈ ಸರಾಸರಿಯನ್ನು ಕೆಡಿಸುತ್ತಿತ್ತು. ಸುಜುಕಿ ಮಾಡಿದ್ದೇನು? ಹಿಂದಿನ ಸೀಟು ಕಿತ್ತುಹಾಕಿ, ಅಲ್ಲೊಂದು ಜಾಲರಿ ಹಾಕಿ, ಎರಡೇ ಸೀಟಿನ ಸರಕು ವಾಹನವೆಂದು 2021ರಲ್ಲಿ ಅದನ್ನು ಮರಳಿ ಮಾರುಕಟ್ಟೆಗೆ ತಂದಿತು. ಸರಕು ವಾಹನಗಳ ಹೊಗೆಯ ಮಿತಿ ಸಡಿಲ. ಯುರೋಪಿನ ಗಿರಾಕಿಗೆ ಹಿಂದಿನ ಸೀಟು ಬೇಡವೆಂದು ಯಾವ ಸಮೀಕ್ಷೆಯೂ ಹೇಳಿರಲಿಕ್ಕಿಲ್ಲ.

ಇನ್ನು ಭಾರತದ ಐದು ಬಾಗಿಲಿನ ಜಿಮ್ನಿ. ಉದ್ದ 3,985 ಮಿಲಿಮೀಟರ್, ಅಂದರೆ ನಾಲ್ಕು ಮೀಟರಿಗೆ 15 ಮಿಲಿಮೀಟರ್ ಕಡಿಮೆ. ಈ ಅಂಕಿಯ ಹಿಂದೆ ನಮ್ಮದೇ ದೇಶದ ಒಂದು ಬಜೆಟ್ ಇದೆ.

<b>ಬಜೆಟ್ ಕತ್ತರಿಸಿದ ಡಿಕ್ಕಿ</b>

2006ರ ಕೇಂದ್ರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೇನು ಎಂಬುದಕ್ಕೂ ವ್ಯಾಖ್ಯೆ ಕೊಟ್ಟರು: ಉದ್ದ 4,000 ಮಿಲಿಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರಬಾರದು. ಭಾರತವನ್ನು ಸಣ್ಣ ಕಾರುಗಳ ತಯಾರಿಕಾ ಕೇಂದ್ರವಾಗಿಸುವುದು ಸರ್ಕಾರದ ಉದ್ದೇಶವಾಗಿತ್ತು. ಆ ಒಂದು ವಾಕ್ಯ ಮುಂದಿನ ಎರಡು ದಶಕಗಳ ಕಾಲ ಭಾರತದ ರಸ್ತೆಗಳ ಚಹರೆಯನ್ನೇ ಬದಲಿಸಿತು.

ಮಧ್ಯಮ ವರ್ಗದ ಮನೆಗಳಲ್ಲಿ ಡಿಕ್ಕಿ ಇರುವ ಕಾರಿಗೆ ಒಂದು ಮರ್ಯಾದೆ ಇತ್ತು, ಈಗಲೂ ಒಂದಿಷ್ಟು ಉಳಿದಿದೆ. ಡಿಕ್ಕಿಯೂ ಬೇಕು, ನಾಲ್ಕು ಮೀಟರೂ ಮೀರಬಾರದು ಎಂದರೆ ಏನು ಮಾಡುವುದು? 2008ರಲ್ಲಿ ಟಾಟಾ ಕಂಪನಿ ತನ್ನ ಇಂಡಿಗೊ ಕಾರಿನ ಹಿಂಭಾಗವನ್ನು ಮೊಟಕುಗೊಳಿಸಿ ‘ಇಂಡಿಗೊ ಸಿಎಸ್’ ತಂದಿತು. ಅದೇ ವರ್ಷ ಬಂದ ಮಾರುತಿ ಸ್ವಿಫ್ಟ್ ಡಿಸೈರ್ 4,160 ಮಿಲಿಮೀಟರ್ ಉದ್ದವಿತ್ತು. 2012ರಲ್ಲಿ ಹೊಸ ಡಿಸೈರ್ ಬಂದಾಗ ಅದರ ಉದ್ದ 3,995 ಮಿಲಿಮೀಟರಿಗೆ ಇಳಿದಿತ್ತು. ಡಿಕ್ಕಿಯನ್ನು ಯಾರೋ ಬಾಗಿಲ ಸಂದಿಯಲ್ಲಿ ಸಿಕ್ಕಿಸಿದಂತೆ ಕಾಣುತ್ತದೆ ಎಂದು ಹಲವರು ನಕ್ಕರು. ಆದರೆ ಕಾರು ಭರ್ಜರಿಯಾಗಿ ಮಾರಾಟವಾಯಿತು. 2013ರಲ್ಲಿ ಹೋಂಡಾ ಅಮೇಜ್, 2014ರಲ್ಲಿ ಹ್ಯುಂಡೈ ಎಕ್ಸೆಂಟ್ ಅದೇ ಹಾದಿ ಹಿಡಿದವು. ರೊಮೇನಿಯಾದ ಡಾಸಿಯಾ ಲೋಗನ್ ಮಹೀಂದ್ರಾ ವೆರಿಟೊ ಆಗಿ, ಆಮೇಲೆ ಬಾಲ ಕತ್ತರಿಸಿಕೊಂಡು ‘ವೆರಿಟೊ ವೈಬ್’ ಆದದ್ದೂ 2013ರಲ್ಲೇ. ಎಂಜಿನ್ನುಗಳದ್ದೂ ಇದೇ ಪಾಡು. 2005ರಲ್ಲಿ 1,300 ಸಿಸಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದಿದ್ದ ಸ್ವಿಫ್ಟ್ 2010ರಲ್ಲಿ 1,197 ಸಿಸಿಗೆ ಇಳಿಯಿತು. ಹೊರದೇಶಗಳಲ್ಲಿ ದೊಡ್ಡ ಎಂಜಿನ್ನಿನೊಂದಿಗೆ ಓಡುತ್ತಿದ್ದ ಹೋಂಡಾ ಜಾಝ್ 2009ರಲ್ಲಿ ಇಲ್ಲಿಗೆ ಬಂದದ್ದು 1,198 ಸಿಸಿಯೊಂದಿಗೆ. ಕಾರಿನ ವಿವರಪತ್ರದಲ್ಲಿ 1,197, 1,198, 1,199 ಎಂಬ ಅಂಕಿಗಳು ಪದೇ ಪದೇ ಕಾಣುವುದು ಕಾಕತಾಳೀಯವಲ್ಲ.

ಜಿಮ್ನಿ ಎಡವಿದ್ದು ಈ ಎರಡನೆಯ ಷರತ್ತಿನಲ್ಲಿ. ಉದ್ದದಲ್ಲಿ ಅದು ಸಣ್ಣ ಕಾರು. 1,462 ಸಿಸಿಯ ಎಂಜಿನ್ನಿನಿಂದಾಗಿ ಅದು ಸಣ್ಣ ಕಾರಲ್ಲ. ಹಾಗಾಗಿ ಶೇ 28ರ ಜಿಎಸ್‌ಟಿ ಮತ್ತು ಶೇ 17ರ ಸೆಸ್ ಸೇರಿ ಶೇ 45ರ ತೆರಿಗೆ ತೆತ್ತು, 12.74 ಲಕ್ಷ ರೂಪಾಯಿಯ ಆರಂಭಿಕ ಬೆಲೆಯಲ್ಲಿ ಅದು ಮಳಿಗೆಗೆ ಬಂತು. ಅಷ್ಟು ಹಣಕ್ಕೆ ಇನ್ನೂ ದೊಡ್ಡ ಕಾರು ಸಿಗುತ್ತದಲ್ಲ ಎಂದು ಗಿರಾಕಿ ಲೆಕ್ಕ ಹಾಕಿದ. ಬೆಟ್ಟ ಹತ್ತುವ ಹುಚ್ಚಿದ್ದವರು ಮಹೀಂದ್ರಾ ಥಾರ್‌ನತ್ತ ಹೊರಳಿದರು. ಜಪಾನಿನಲ್ಲಾದರೋ ಐವತ್ತು ವರ್ಷಗಳಿಂದ ಮೂರೇ ಬಾಗಿಲಿನ ಜಿಮ್ನಿಯನ್ನು ಪ್ರೀತಿಸಿದ ಜನ ಐದು ಬಾಗಿಲಿನದಕ್ಕಾಗಿ ಕಾದಿದ್ದರು. ಅಭಿರುಚಿಯ ಪಾತ್ರ ಇಲ್ಲಿ ಇದ್ದೇ ಇದೆ, ಅಲ್ಲಗಳೆಯುವಂತಿಲ್ಲ.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಸೆಸ್ ಹೋಗಿ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಎರಡೇ ದರಗಳು ಉಳಿದವು: ಸಣ್ಣ ಕಾರಿಗೆ ಶೇ 18, ಉಳಿದವಕ್ಕೆ ಶೇ 40. ಸಣ್ಣ ಕಾರಿನ ವ್ಯಾಖ್ಯೆ ಮಾತ್ರ 2006ರ ಅದೇ ನಾಲ್ಕು ಮೀಟರ್, ಅದೇ 1,200 ಸಿಸಿ. ಮಾಡಿದವರು ಅಧಿಕಾರದಿಂದ ಇಳಿದು ಎಷ್ಟೋ ವರ್ಷಗಳಾದರೂ ಅಳತೆಪಟ್ಟಿ ಬದಲಾಗಿಲ್ಲ.

ಬಿಡದಿಯ ಕತೆಯೂ ಇಲ್ಲಿ ನೆನಪಾಗುತ್ತದೆ. ಟೊಯೊಟಾ ಕಿರ್ಲೋಸ್ಕರ್ ಕಂಪನಿ 2000ದಲ್ಲಿ ಅಲ್ಲಿಂದ ಹೊರತಂದ ಕ್ವಾಲಿಸ್ ಮೂಲತಃ ಇಂಡೊನೇಷ್ಯಾದ ದೊಡ್ಡ ಕುಟುಂಬಗಳಿಗಾಗಿ ರೂಪುಗೊಂಡ ಕಿಜಾಂಗ್ ವಾಹನದ ಸೋದರ. ಜಪಾನಿನ ಟೊಯೊಟಾ ಗಿರಾಕಿಗೆ ಅದರ ಪರಿಚಯವೇ ಇರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಅದು ಕಾಲ್‌ಸೆಂಟರ್ ನೌಕರರ ರಾತ್ರಿ ಪಾಳಿಯ ಗುರುತಾಗಿಬಿಟ್ಟಿತು. 2010ರ ಡಿಸೆಂಬರ್‌ನಲ್ಲಿ ಅದೇ ಕಂಪನಿ ಭಾರತಕ್ಕೆಂದೇ ವಿನ್ಯಾಸಗೊಳಿಸಿದ ಇಟಿಯೋಸ್ ತಂದಿತು. ಒಳಗೆ ವಿಶಾಲ, ಎಂಜಿನ್ ಗಟ್ಟಿ. ಆದರೆ ಡಿಕ್ಕಿಯಿದ್ದ ಮಾದರಿಯ ಉದ್ದ 4,265 ಮಿಲಿಮೀಟರ್! ಡಿಸೈರ್ ತನ್ನ ಬಾಲ ಕತ್ತರಿಸಿಕೊಂಡು ಅಗ್ಗದ ತೆರಿಗೆಗೆ ಇಳಿದಾಗ ಇಟಿಯೋಸ್ ಹೊರಗೇ ಉಳಿಯಿತು, ಕ್ರಮೇಣ ಟ್ಯಾಕ್ಸಿಯಾಗಿ ಹೆಸರು ಮಾಡಿತು ಮತ್ತು 2020ರಲ್ಲಿ ತೆರೆಮರೆಗೆ ಸರಿಯಿತು.

ತೆರಿಗೆಗೆ ತಕ್ಕಂತೆ ಕಾರು ಹೊಲಿಯುವುದು ಬಡ ದೇಶಗಳ ಚಾಳಿಯೆಂದು ಭಾವಿಸಬೇಕಿಲ್ಲ. ಇಟಲಿಯಲ್ಲಿ 2,000 ಸಿಸಿ ಮೀರಿದ ಕಾರುಗಳಿಗೆ ಶೇ 38ರ ಭಾರಿ ತೆರಿಗೆ ಇದ್ದಾಗ ಫೆರಾರಿಯೇ 1975ರಲ್ಲಿ ಎಂಟು ಸಿಲಿಂಡರಿನ, ಆದರೆ 2,000 ಸಿಸಿ ಒಳಗಿನ ಪುಟ್ಟ ಎಂಜಿನ್ ಮಾಡಿ ತನ್ನ ದೇಶವಾಸಿಗಳಿಗೆ ಮಾರಿತು. ಬ್ರೆಜಿಲ್ 1990ರ ದಶಕದಲ್ಲಿ 1,000 ಸಿಸಿಯ ‘ಜನಪ್ರಿಯ ಕಾರು’ಗಳಿಗೆ ತೆರಿಗೆ ಇಳಿಸಿತು. ಅಧ್ಯಕ್ಷ ಇಟಮಾರ್ ಫ್ರಾಂಕೊ ಅವರ ಆಸಕ್ತಿಯಿಂದಾಗಿ ಅಲ್ಲಿ ನಿಂತುಹೋಗಿದ್ದ ಫೋಕ್ಸ್‌ವ್ಯಾಗನ್ ಬೀಟಲ್‌ನ ತಯಾರಿಕೆ 1993ರಲ್ಲಿ ಮತ್ತೆ ಆರಂಭವಾಗಿ ಮೂರು ವರ್ಷ ನಡೆಯಿತು. ಅದೇ ಬ್ರೆಜಿಲ್ 1976ರಿಂದ ಡೀಸೆಲ್ ಪ್ರಯಾಣಿಕ ಕಾರುಗಳನ್ನು ನಿಷೇಧಿಸಿದೆ. ಕಬ್ಬಿನಿಂದ ತೆಗೆದ ಎಥನಾಲ್‌ನಲ್ಲೂ ಪೆಟ್ರೋಲ್‌ನಲ್ಲೂ ಓಡುವ ಕಾರುಗಳು 2003ರಿಂದ ಅಲ್ಲಿ ಮನೆಮಾತು. ಯುರೋಪಿನಲ್ಲಿ ಡೀಸೆಲ್ ಕಾರುಗಳು ಮೆರೆದ ವರ್ಷಗಳಲ್ಲಿ ಅದೇ ಕಂಪನಿಗಳು ಬ್ರೆಜಿಲ್‌ಗೆ ಎಥನಾಲ್ ಎಂಜಿನ್ ಮಾಡುತ್ತಿದ್ದವು.

<b>ಕೋಳಿಗೆ ಬಿದ್ದ ಏಟು ಟ್ರಕ್ಕಿಗೆ</b>

ಅಮೆರಿಕದಲ್ಲಿ ಟೊಯೊಟಾ ಹೈಲಕ್ಸ್ ಏಕೆ ಸಿಗದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಸಿಗುವುದು ಕೋಳಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿ ಮೊದಲಾದ ದೇಶಗಳಿಗೆ ಹರಿದುಬಂದಾಗ ಯುರೋಪಿನ ಸಾಮಾನ್ಯ ಮಾರುಕಟ್ಟೆ ಅದರ ಮೇಲೆ ಸುಂಕ ಏರಿಸಿತು. ಪ್ರತೀಕಾರವಾಗಿ 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬ್ರಾಂದಿ, ಆಲೂಗಡ್ಡೆ ಪಿಷ್ಟ ಮುಂತಾದವುಗಳ ಜೊತೆಗೆ ಹಗುರ ಟ್ರಕ್ಕುಗಳ ಮೇಲೂ ಶೇ 25ರ ಆಮದು ಸುಂಕ ವಿಧಿಸಿದರು. ಕೋಳಿಯ ಜಗಳ ಮುಗಿಯಿತು, ಉಳಿದ ಸುಂಕಗಳು ಹೋದವು, ಟ್ರಕ್ಕಿನ ಸುಂಕ ಮಾತ್ರ ಅರವತ್ತು ವರ್ಷ ದಾಟಿಯೂ ಉಳಿಯಿತು. ಗುರಿಯಾಗಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್. ಕಾಲಾಂತರದಲ್ಲಿ ಪೆಟ್ಟು ತಿಂದದ್ದು ಜಪಾನ್. ಆ ರಕ್ಷಣೆಯ ನೆರಳಿನಲ್ಲಿ ಅಮೆರಿಕದ ಪಿಕಪ್ ಟ್ರಕ್ಕುಗಳು ವರ್ಷದಿಂದ ವರ್ಷಕ್ಕೆ ದೈತ್ಯಾಕಾರಕ್ಕೆ ಬೆಳೆದವು. 1995ರಲ್ಲಿ ಟೊಯೊಟಾ ಅಲ್ಲಿ ಹೈಲಕ್ಸ್‌ನ ಬದಲು ಅಮೆರಿಕಕ್ಕೆಂದೇ ರೂಪಿಸಿದ ಟಕೋಮಾವನ್ನು ತಂದಿತು. ಹೈಲಕ್ಸ್ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಸುತ್ತಿ 2022ರಲ್ಲಿ ಭಾರತಕ್ಕೂ ಬಂತು.

ಚಾಪೆ ಕೆಳಗೆ ತೂರಿದವನಿಗೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಜಪಾನಿನ ಸುಬಾರು ಕಂಪನಿ 1970ರ ದಶಕದ ಕೊನೆಗೆ ತನ್ನ ಪುಟ್ಟ ಪಿಕಪ್‌ನ ತೆರೆದ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಕೂರಿಸಿ, ಇದು ಟ್ರಕ್ಕಲ್ಲ ಪ್ರಯಾಣಿಕ ಕಾರು ಎಂದಿತು. ಅದಕ್ಕಿಂತ ಸ್ವಾರಸ್ಯದ್ದು ಅಮೆರಿಕದ್ದೇ ಆದ ಫೋರ್ಡ್‌ನ ಸಾಹಸ. 2009ರಿಂದ ಟರ್ಕಿಯಲ್ಲಿ ತಯಾರಿಸಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಹಿಂದಿನ ಸೀಟು, ಕಿಟಕಿಗಳ ಸಮೇತ ಪ್ರಯಾಣಿಕ ವಾಹನವೆಂದು ಬಂದರಿಗೆ ಇಳಿಸಿ, ಅಲ್ಲೇ ಸೀಟು ಕಿತ್ತು, ಸರಕು ವ್ಯಾನಾಗಿಸಿ ಮಾರಲಾಯಿತು. ಪ್ರಯಾಣಿಕ ವಾಹನಕ್ಕೆ ಆಗ ಸುಂಕ ಶೇ 2.5 ಮಾತ್ರ ಇತ್ತು. ಸುಂಕ ಇಲಾಖೆಗೆ ಇದು ಸರಿಕಾಣಲಿಲ್ಲ. ನ್ಯಾಯಾಲಯದಲ್ಲಿ ಸೋತ ಫೋರ್ಡ್ 2024ರ ಮಾರ್ಚ್‌ನಲ್ಲಿ 36.5 ಕೋಟಿ ಡಾಲರ್ ಕಟ್ಟಿ ವ್ಯಾಜ್ಯ ಬಗೆಹರಿಸಿಕೊಂಡಿತು.

ಸುಂಕ ಕಟ್ಟಲು ಸಿದ್ಧರಿದ್ದರೂ ಮುಂದೆ ಮಾನ್ಯತಾ ಪರೀಕ್ಷೆಯ ಗೋಡೆ ಇದೆ. ಯುರೋಪ್, ಜಪಾನ್ ಮೊದಲಾದವು ವಿಶ್ವಸಂಸ್ಥೆಯ ಆಶ್ರಯದಲ್ಲಿ 1958ರಲ್ಲಿ ಆದ ಒಪ್ಪಂದದಡಿಯ ನಿಯಮಗಳನ್ನು ಅನುಸರಿಸುತ್ತವೆ. ಅಮೆರಿಕದ್ದು ತನ್ನದೇ ಬೇರೆ ನಿಯಮಾವಳಿ. ದೀಪದ ಕಿರಣ ಹರಡುವ ಬಗೆಯಿಂದ ಹಿಡಿದು ಡಿಕ್ಕಿ ಪರೀಕ್ಷೆಯವರೆಗೆ ಎಲ್ಲವೂ ಬೇರೆ. ಯುರೋಪಿನಲ್ಲಿ ಹಿಂದಿನ ತಿರುವು ದೀಪ ಹಳದಿಯಾಗಿರಲೇಬೇಕು, ಅಮೆರಿಕದಲ್ಲಿ ಕೆಂಪಾದರೂ ನಡೆಯುತ್ತದೆ. ಸೀಟ್ ಬೆಲ್ಟ್ ಕಟ್ಟದ ಗೊಂಬೆಯನ್ನೂ ಏರ್‌ಬ್ಯಾಗ್ ಕಾಪಾಡಬೇಕೆಂಬುದು ಅಮೆರಿಕದ ಪರೀಕ್ಷೆಯ ಷರತ್ತುಗಳಲ್ಲೊಂದು. ಒಂದು ಮಾದರಿಯನ್ನು ಎರಡೂ ಕಡೆಗೆ ಒಗ್ಗಿಸಲು ಆಗುವ ವೆಚ್ಚವನ್ನು ಅಲ್ಲಿ ಮಾರಬಹುದಾದ ಕಾರುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತ ಲಾಭಕ್ಕಿಂತ ಹೆಚ್ಚಾದರೆ ಕಂಪನಿ ಸುಮ್ಮನಾಗುತ್ತದೆ. ಬಲಬದಿಯ ಸ್ಟೇರಿಂಗ್‌ನದ್ದೂ ಇದೇ ಲೆಕ್ಕ. 1964ರಿಂದ ತಯಾರಾಗುತ್ತಿದ್ದ ಫೋರ್ಡ್ ಮಸ್ಟಾಂಗ್ ಕಾರ್ಖಾನೆಯಿಂದಲೇ ಬಲಬದಿಯ ಸ್ಟೇರಿಂಗ್‌ನೊಂದಿಗೆ ಹೊರಬಂದದ್ದು 2015ರ ಹೊತ್ತಿಗೆ. ಭಾರತ ಸರ್ಕಾರ 2018ರಲ್ಲಿ ಕಂಪನಿಯೊಂದು ವರ್ಷಕ್ಕೆ 2,500 ವಾಹನಗಳವರೆಗೆ ಇಲ್ಲಿನ ಮಾನ್ಯತಾ ಪರೀಕ್ಷೆಯಿಲ್ಲದೆ ತರಲು ಅವಕಾಶ ಕೊಟ್ಟಿತು. ಆಗ ಅಷ್ಟಿಷ್ಟು ಹೊಸ ಮಾದರಿಗಳು ಬಂದವಾದರೂ ಆಮದು ಸುಂಕದಿಂದಾಗಿ ಅವು ಉಳ್ಳವರ ಪಾಲೇ ಆದವು.

ಇಂಧನದ ಗುಣಮಟ್ಟವೂ ಒಂದು ಕಾಲಕ್ಕೆ ದೊಡ್ಡ ಅಡ್ಡಿಯಾಗಿತ್ತು. ಗಂಧಕದ ಅಂಶ ಹೆಚ್ಚಿದ್ದರೆ ಹೊಗೆ ಶುದ್ಧಿ ಮಾಡುವ ಆಧುನಿಕ ಉಪಕರಣಗಳು ಬೇಗ ಕೆಡುತ್ತವೆ. ಹೀಗಾಗಿ ಹೊಸ ಎಂಜಿನ್ನುಗಳು ಯುರೋಪಿಗೆ, ಹಳೆಯವು ನಮ್ಮಂಥವರಿಗೆ ಎಂಬ ಏರ್ಪಾಡು ಬಹುಕಾಲ ನಡೆಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾಗಿ ದೇಶದಾದ್ಯಂತ ಶುದ್ಧ ಇಂಧನ ದೊರೆತ ಮೇಲೆ ಆ ನೆಪ ಹೋಯಿತು. ಅದೇ ದಿನಗಳಲ್ಲಿ ಮಾರುತಿ ಡೀಸೆಲ್ ಕಾರುಗಳಿಗೇ ವಿದಾಯ ಹೇಳಿತು.

ಅಭಿರುಚಿಯೇ ನಿಜವಾಗಿ ಗೆದ್ದ ಉದಾಹರಣೆಗಳಿಗೆ ಚೀನಾಕ್ಕೆ ಹೋಗಬೇಕು. ಅಲ್ಲಿ ದುಬಾರಿ ಕಾರಿನ ಮಾಲೀಕ ಹಿಂದೆ ಕುಳಿತು, ಚಾಲಕ ಓಡಿಸುವುದು ರೂಢಿ. ಹಾಗಾಗಿ ಔಡಿ, ಬಿಎಂಡಬ್ಲ್ಯು, ಬೆಂಜ್ ಕಂಪನಿಗಳು ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರವನ್ನು ಹಿಗ್ಗಿಸಿ, ಕಾಲು ಚಾಚಲು ಜಾಗ ಮಾಡಿ, ಚೀನಾಕ್ಕೆಂದೇ ಉದ್ದದ ಮಾದರಿಗಳನ್ನು ತಂದವು. 2017ರಲ್ಲಿ ಬೆಂಜ್ ಇ-ಕ್ಲಾಸ್‌ನ ಉದ್ದದ ಆವೃತ್ತಿ ಭಾರತಕ್ಕೂ ಬಂತು. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಿಕ್ಕಿಕೊಂಡವರಿಗೆ ಅದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ.

<b>ಜೀವಕ್ಕೂ ದೇಶಕ್ಕೊಂದು ದರ?</b>

ಇಲ್ಲಿಯವರೆಗಿನದು ಕುತೂಹಲದ ವಿಷಯ. ಮುಂದಿನದು ಹಾಗಲ್ಲ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳ ಅಗ್ಗದ ಆವೃತ್ತಿಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿದ ಫಲಿತಾಂಶ ಪ್ರಕಟಿಸಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ನಕ್ಷತ್ರ. ಆ ಆವೃತ್ತಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊ ನಾಲ್ಕು ನಕ್ಷತ್ರ ಪಡೆಯಿತು. ಫೋಕ್ಸ್‌ವ್ಯಾಗನ್ ಏರ್‌ಬ್ಯಾಗ್ ಇಲ್ಲದ ಆವೃತ್ತಿಯನ್ನು ಹಿಂತೆಗೆದುಕೊಂಡಿತು. ತಂತ್ರಜ್ಞಾನ ಕಪಾಟಿನಲ್ಲೇ ಇತ್ತು. ಕಾನೂನು ಕೇಳಿರಲಿಲ್ಲ, ಕಂಪನಿ ಕೊಟ್ಟಿರಲಿಲ್ಲ.

ರೆನೋ ಕ್ವಿಡ್‌ನ ಉದಾಹರಣೆ ಇನ್ನೂ ಸ್ಪಷ್ಟ. 2016ರ ಮೇ ತಿಂಗಳ ಪರೀಕ್ಷೆಯಲ್ಲಿ ಭಾರತದ ಕ್ವಿಡ್‌ಗೆ ಸೊನ್ನೆ ನಕ್ಷತ್ರ ಬಂತು. ಮರುವರ್ಷ ಬ್ರೆಜಿಲ್‌ನಲ್ಲಿ ಬಿಡುಗಡೆಯಾದ ಕ್ವಿಡ್‌ಗೆ ನಾಲ್ಕು ಏರ್‌ಬ್ಯಾಗ್, ಬಲಪಡಿಸಿದ ಚೌಕಟ್ಟು. ತೂಕ ಭಾರತದ್ದಕ್ಕಿಂತ ನೂರು ಕಿಲೋದ ಆಸುಪಾಸು ಹೆಚ್ಚು. ಲ್ಯಾಟಿನ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ. ಹೆಸರೊಂದೇ, ಹೊರರೂಪವೊಂದೇ, ಒಳಗಿನ ಉಕ್ಕು ಬೇರೆ. ಬೆಲೆ ತುಸು ಏರಿದರೂ ಭಾರತದ ಗಿರಾಕಿ ಓಡಿಹೋಗುತ್ತಾನೆ, ಅವನು ಕೇಳುವುದು ಮೈಲೇಜ್ ಮಾತ್ರ ಎಂಬ ಸಮರ್ಥನೆ ಆ ದಿನಗಳಲ್ಲಿ ಉದ್ಯಮದ ವಲಯಗಳಿಂದ ಧಾರಾಳವಾಗಿ ಕೇಳಿಬರುತ್ತಿತ್ತು. ಆದರೆ ಮಳಿಗೆಯಲ್ಲಿ ಸೊನ್ನೆ ನಕ್ಷತ್ರವೆಂದು ಬರೆದ ಫಲಕ ಯಾವ ಕಾರಿನ ಮೇಲೂ ಇರಲಿಲ್ಲ. ತಿಳಿಯದ್ದನ್ನು ಗಿರಾಕಿ ಕೇಳಲಿಲ್ಲ ಎಂದು ದೂರುವುದು ಎಷ್ಟು ಸರಿ?

ಮೆಕ್ಸಿಕೊದಲ್ಲಿ ಇದು ಎಲ್ಲರ ಕಣ್ಣೆದುರು ಬಂತು. 1990ರ ದಶಕದ ಆರಂಭದ ವಿನ್ಯಾಸದ ನಿಸಾನ್ ಸುರು ಅಲ್ಲಿ ಏರ್‌ಬ್ಯಾಗ್ ಇಲ್ಲದೆ ದಶಕಗಟ್ಟಲೆ ಮಾರಾಟವಾಗುತ್ತಲೇ ಇತ್ತು. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ಪರೀಕ್ಷೆ ನಡೆಯಿತು. ಮೆಕ್ಸಿಕೊದ ಗಿರಾಕಿಗೆ ಸಿಗುತ್ತಿದ್ದ ನಿಸಾನ್‌ನ ಅತ್ಯಂತ ಅಗ್ಗದ ಕಾರಾದ ಸುರುವನ್ನೂ, ಅಮೆರಿಕದ ಗಿರಾಕಿಗೆ ಸಿಗುತ್ತಿದ್ದ ಅತ್ಯಂತ ಅಗ್ಗದ ನಿಸಾನ್ ಆದ ವರ್ಸಾವನ್ನೂ ಎದುರುಬದುರಾಗಿ ಡಿಕ್ಕಿ ಹೊಡೆಸಲಾಯಿತು. ವರ್ಸಾದ ಚಾಲಕನ ಜಾಗ ಬಹುಮಟ್ಟಿಗೆ ಉಳಿಯಿತು. ಸುರುವಿನ ಚಾಲಕನ ಜಾಗ ಕುಸಿದುಹೋಯಿತು. ಎರಡೂ ಕಾರುಗಳು ತಯಾರಾಗುತ್ತಿದ್ದುದು ಮೆಕ್ಸಿಕೊದಲ್ಲೇ. ಪರೀಕ್ಷೆಯ ವೇಳೆಗೇ ನಿಸಾನ್ ಸುರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, 2017ರಲ್ಲಿ ನಿಲ್ಲಿಸಿತು.

ಅಮೆರಿಕದಲ್ಲಿ 1997ರ ಸೆಪ್ಟೆಂಬರ್‌ನಿಂದ ತಯಾರಾದ ಪ್ರತಿ ಕಾರಿನಲ್ಲೂ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಭಾರತದಲ್ಲಿ ಚಾಲಕನಿಗೆ 2019ರ ಜುಲೈನಿಂದ, ಪಕ್ಕದವರಿಗೆ ಎಲ್ಲ ಮಾದರಿಗಳಲ್ಲೂ 2021ರ ಅಂತ್ಯಕ್ಕೆ. ನಡುವಿನ ಅಂತರ 24 ವರ್ಷ. ಆ ಅವಧಿಯಲ್ಲಿ ಗಂಡ ಚಾಲಕನ ಸೀಟಿನಲ್ಲಿ, ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತು ಊರಿಗೆ ಹೋಗುವುದು ನಮ್ಮ ಹೆದ್ದಾರಿಗಳ ನಿತ್ಯದ ದೃಶ್ಯವಾಗಿತ್ತು. ಆರು ಏರ್‌ಬ್ಯಾಗ್ ಕಡ್ಡಾಯಗೊಳಿಸುವ 2022ರ ಪ್ರಸ್ತಾವ ಮುಂದೂಡಲ್ಪಟ್ಟು ಕೊನೆಗೆ ಕೈಬಿಡಲ್ಪಟ್ಟಿತು.

ಹಾಗೆಂದು ಚಿತ್ರ ಪೂರ್ತಿ ಕಪ್ಪಲ್ಲ. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದಾಗ ನಾಲ್ಕು ಮೀಟರಿನೊಳಗಿನ, ಭಾರತೀಯ ಬೆಲೆಯ ಕಾರೂ ಗಟ್ಟಿಯಾಗಿರಬಲ್ಲದೆಂಬುದು ಸಾಬೀತಾಯಿತು. ಕಂಪನಿ ಅದನ್ನು ಜಾಹೀರಾತಿನಲ್ಲಿ ಮೆರೆಸಿತು, ಗಿರಾಕಿಗಳು ನಕ್ಷತ್ರ ಎಣಿಸತೊಡಗಿದರು. 2023ರ ಅಕ್ಟೋಬರ್‌ನಿಂದ ಭಾರತದ್ದೇ ಆದ ಭಾರತ್ ಎನ್‌ಕ್ಯಾಪ್ ಶ್ರೇಯಾಂಕ ಜಾರಿಗೆ ಬಂದಿದೆ, ಆದರೆ ಅದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು.

ಆದರೂ ಹಳೆಯ ಅಂತರ ಹೊಸ ರೂಪದಲ್ಲಿ ಮುಂದುವರಿದಿದೆ. ಗುಜರಾತಿನಲ್ಲಿ ತಯಾರಾಗುವ ಮಾರುತಿಯ ಫ್ರಾಂಕ್ಸ್ 2024ರ ಅಕ್ಟೋಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅಲ್ಲಿ ಅದಕ್ಕೆ 1,500 ಸಿಸಿಯ ಎಂಜಿನ್, ಬೇಕೆಂದವರಿಗೆ ನಾಲ್ಕೂ ಗಾಲಿಗಳಿಗೆ ಎಳೆತ, ಎದುರಿನ ಅಡ್ಡಿಯನ್ನು ಗುರುತಿಸಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ. ಭಾರತದಲ್ಲಿ ಬಿಡುಗಡೆಯಾದ ಫ್ರಾಂಕ್ಸ್‌ಗೆ ತೆರಿಗೆಯ ಗೆರೆಯೊಳಗಿನ 1,000 ಮತ್ತು 1,200 ಸಿಸಿಯ ಎಂಜಿನ್ನುಗಳು, ಮುಂದಿನ ಎರಡು ಗಾಲಿಗಳಿಗೆ ಮಾತ್ರ ಎಳೆತ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇಲ್ಲ. ಗುರುಗ್ರಾಮದಿಂದ ಹಡಗು ಹತ್ತುವ ಜಿಮ್ನಿ ನೊಮಾಡ್‌ನದ್ದೂ ಇದೇ ಕತೆ: ಇಲ್ಲಿನ ಜಿಮ್ನಿ ಬಂದಾಗ ಅದರಲ್ಲಿಲ್ಲದ ತುರ್ತು ಬ್ರೇಕ್ ವ್ಯವಸ್ಥೆ ಅದರಲ್ಲಿದೆ. ಜಪಾನ್ 2021ರ ನವೆಂಬರ್‌ನಿಂದ ದೇಶದ ಹೊಸ ಮಾದರಿಗಳಿಗೆ, ಆ ಬಳಿಕ ಆಮದು ಮಾದರಿಗಳಿಗೂ ಅದನ್ನು ಕಡ್ಡಾಯ ಮಾಡಿದೆ. ಭಾರತದ ಅಡ್ಡಾದಿಡ್ಡಿ ಸಂಚಾರದಲ್ಲಿ ಇಂತಹ ವ್ಯವಸ್ಥೆ ಎಷ್ಟರಮಟ್ಟಿಗೆ ಉಪಯುಕ್ತ ಎಂಬ ಚರ್ಚೆಗೆ ಅವಕಾಶವಿದೆ, ನಿಜ. ಆದರೆ ಅದನ್ನು ಜೋಡಿಸುವ ಕಾರ್ಮಿಕ ಭಾರತೀಯ, ಜೋಡಿಸುವ ಜಾಗ ಭಾರತ ಎಂಬುದನ್ನು ಮರೆಯುವಂತಿಲ್ಲ.

<b>ಮುಂದಿನದು ತಕ್ಕಡಿ</b>

ಇಷ್ಟು ದಿನ ಅಳತೆಪಟ್ಟಿ ಹಿಡಿದಿದ್ದ ಕೈಗೆ ತಕ್ಕಡಿಯೂ ಬರುವ ಸೂಚನೆ 2025ರಲ್ಲಿ ಕಂಡಿತು. 2027ರ ಏಪ್ರಿಲ್‌ನಿಂದ ಜಾರಿಗೊಳಿಸಲು ಉದ್ದೇಶಿಸಿದ ಮುಂದಿನ ಹಂತದ ಇಂಧನ ಮಿತವ್ಯಯ ನಿಯಮಗಳ ಕರಡನ್ನು ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ನಾಲ್ಕು ಮೀಟರ್ ಉದ್ದ, 1,200 ಸಿಸಿ ಎಂಜಿನ್ ಎಂಬ ಹಳೆಯ ಗೆರೆಗಳ ಜೊತೆಗೆ ಖಾಲಿ ತೂಕ 909 ಕಿಲೋ ಮೀರದ ಪೆಟ್ರೋಲ್ ಕಾರುಗಳಿಗೆ ಒಂದಿಷ್ಟು ರಿಯಾಯಿತಿ ನೀಡುವ ಅಂಶ ಅದರಲ್ಲಿತ್ತು. ಸಣ್ಣ ಕಾರುಗಳನ್ನೇ ನೆಚ್ಚಿಕೊಂಡ ಮಾರುತಿ ಇದನ್ನು ಬೆಂಬಲಿಸಿತು. ಟಾಟಾ ಮತ್ತು ಮಹೀಂದ್ರಾ ವಿರೋಧಿಸಿದವು. ತೂಕ ಇಳಿಸುವ ಪೈಪೋಟಿಯಲ್ಲಿ ಸುರಕ್ಷತೆ ಬಲಿಯಾದೀತು ಎಂಬುದು ವಿರೋಧಿಗಳ ವಾದಗಳಲ್ಲೊಂದಾಗಿತ್ತು. ಬ್ರೆಜಿಲ್‌ನ ಕ್ವಿಡ್‌ಗೆ ಮೂರು ನಕ್ಷತ್ರ ತಂದುಕೊಟ್ಟ ಆ ಹೆಚ್ಚುವರಿ ಉಕ್ಕಿಗೂ ತೂಕವಿತ್ತು.